ವೈರಿಲ್ಲದ ಮೌಸೂ ಹಲ್ಲುಸೆಟ್ಟಿನ ಟೀಮೂ

ನಾನು ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಲ್ಯಾಬಿನಲ್ಲಿ ಕೂತು ಪ್ಲಾಸ್ಟರಿನ ಅಚ್ಚು ಹಾಕಿ, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ಮಾಡಿಕೊಡುವುದು ನಾನು. ಕೂದಲೆಳೆಯಷ್ಟು ಆಚೀಚೆಯಾದರೂ ಹಾಕಿಕೊಂಡವರು ಊಟದ ಹೊತ್ತಿಗೆ ನನ್ನ ಹೆಸರು ಹಿಡಿದು ಶಪಿಸುತ್ತಾರೆ. ಹಾಗಾಗಿ ನನ್ನ ಕೈ ಬಲು ಸ್ಥಿರ ಎಂದು ಹೆಸರಿದೆ. ಅದೇ ಕೈ ಕಂಪ್ಯೂಟರಿನ ಆಟದಲ್ಲಿ ಬಂದೂಕು ಹಿಡಿದರೆ ಗುಂಡು ಗೋಡೆಗೆ, ಪೀಪಾಯಿಗೆ, ಒಮ್ಮೊಮ್ಮೆ ನೇರ ಆಕಾಶಕ್ಕೇ ಹೋಗುತ್ತಿತ್ತು.

ಈ ಚಟ ಅಂಟಿಸಿದವಳು ನನ್ನ ನಾದಿನಿ. ಇಸ್ತ್ರಿ ಅಂಗಡಿ ನಡೆಸುತ್ತಾಳೆ, ಮೂವತ್ತೆಂಟು ದಾಟಿದೆ, ಆದರೂ ಮನೆಮಂದಿಗೆಲ್ಲ ಅವಳು ಪುಟ್ಟಿಯೇ. ಕಾಲು ಮುರಿದುಕೊಂಡು ನಮ್ಮ ಮನೆಯಲ್ಲಿ ಮಲಗಿದ್ದಾಗ ಹೊತ್ತು ಹೋಗದೆ ಆಟ ಕಲಿತಳು, ನನಗೂ ಕಲಿಸಿದಳು. ಅವಳ ಕಾಲು ಸರಿಹೋಯಿತು, ನನ್ನ ತಲೆ ಸರಿಹೋಗಲಿಲ್ಲ. ಶನಿವಾರ ಮಧ್ಯಾಹ್ನ ಅವಳ ಅಂಗಡಿ ಬೇಗ ಮುಚ್ಚುತ್ತದೆ, ನನ್ನ ಲ್ಯಾಬೂ ಅಷ್ಟೆ. ಅವಳು ಅವಳ ಮನೆಯಿಂದ, ನಾನು ನಮ್ಮ ಮನೆಯಿಂದ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯುದ್ಧಕ್ಕೆ ಇಳಿಯುತ್ತಿದ್ದೆವು. ಟೀಮಿನ ಹೆಸರು ‘ಹಲ್ಲುಸೆಟ್’. ಆಟಕ್ಕೆ ಮೂವರು ಬೇಕು. ಮೂರನೆಯವರಾಗಿ ಯಾರ‍್ಯಾರೋ ಬರುತ್ತಿದ್ದರು. ಒಮ್ಮೆ ಬಂದವರು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ.

ಆಟದಲ್ಲಿ ಒಂದು ಇಕ್ಕಟ್ಟಾದ ಓಣಿ ಇದೆ. ಅಲ್ಲಿಗೆ ಹೋದಾಗಲೆಲ್ಲ ನಾನು ಸಾಯುತ್ತಿದ್ದೆ. ಕಾರಣ ನನಗೆ ಸ್ಪಷ್ಟವಾಗಿತ್ತು: ಮೌಸಿನ ವೈರು. ಗಬಕ್ಕನೆ ಬಲಕ್ಕೆ ತಿರುಗಬೇಕು ಎನ್ನುವಷ್ಟರಲ್ಲಿ ಅದು ಮೇಜಿನ ಅಂಚಿಗೆ ಸಿಕ್ಕಿ ಹಿಂದಕ್ಕೆ ಎಳೆಯುತ್ತಿತ್ತು.

“ಈ ಹಾಳು ವೈರಿಂದಾನೇ ಸತ್ತೆ ಕಣೇ,” ಎನ್ನುತ್ತಿದ್ದೆ.

“ಹೌದತ್ತಿಗೆ. ಪಾಪ, ಎದುರುಗಡೆಯವನಿಗೆ ವೈರೇ ಇರಲಿಲ್ಲ ಅನ್ಸುತ್ತೆ,” ಎನ್ನುತ್ತಿದ್ದಳು ಪುಟ್ಟಿ. ಅವಳದೂ ವೈರಿನ ಮೌಸೇ. ಆ ಸಂಗತಿಯನ್ನು ನಾನು ಜಾಣತನದಿಂದ ಮರೆತುಬಿಡುತ್ತಿದ್ದೆ.

ಒಂದು ದಿನ ಕಂಪ್ಯೂಟರ್ ಅಂಗಡಿಗೆ ಹೋಗಿ, ಬಲ್ಲವಳಂತೆ ಮುಖ ಮಾಡಿಕೊಂಡು, ಇರುವುದರಲ್ಲೇ ಒಳ್ಳೆಯ ವೈರಿಲ್ಲದ ಮೌಸ್ ತೋರಿಸಿ ಎಂದೆ. ಅಂಗಡಿಯವರು ಕೈಗೆ ಕೊಟ್ಟದ್ದು ಎಷ್ಟು ಹಗುರವಾಗಿತ್ತೆಂದರೆ ಒಳಗೆ ಏನಾದರೂ ಇದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದೆ.

“ಇದು ದೊಡ್ಡ ಆಟಕ್ಕೆ ಆಗುತ್ತಾ? ನಾನು ಈಗ ಒತ್ತಿದ್ರೆ ಆಮೇಲೆ ಗುಂಡು ಹೋಗೋದು, ಹಂಗೆಲ್ಲ ಆಗಲ್ವಾ?”

“ಅದೆಲ್ಲ ಹಿಂದಿನ ಕಾಲದ ಮಾತಮ್ಮ. ಅಗ್ಗದ್ದರಲ್ಲಿ ಈಗಲೂ ಹಂಗಾಗುತ್ತೆ, ಇದರಲ್ಲಿ ಇಲ್ಲ. ಪಂದ್ಯ ಆಡೋರೇ ಇದನ್ನ ತಗೊಂಡ್ಹೋಗ್ತಾರೆ. ಚಾರ್ಜ್ ಒಂದು ನೋಡ್ಕೊಳ್ಳಿ. ಮಗನಿಗಾ?”

“ಹೌದು,” ಎಂದೆ. ನನಗೆ ಮಕ್ಕಳಿಲ್ಲ.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದೆ. ನಮ್ಮವರು ಲಿಫ್ಟ್ ರಿಪೇರಿ ಮಾಡುವವರು, ಯಾವುದನ್ನು ಕಂಡರೂ ಒಮ್ಮೆ ತಿರುಗಿಸಿ ತಳ ನೋಡುವ ಅಭ್ಯಾಸ. ತಳ ನೋಡಿ, “ಬಾಲ ಕಿತ್ತ ಇಲಿ,” ಎಂದು ತೀರ್ಪು ಕೊಟ್ಟು ಅಡುಗೆಮನೆಗೆ ಹೋದರು.

ಮೊದಲ ದಿನದ ಆಟವನ್ನು ಹೇಗೆ ವರ್ಣಿಸಲಿ? ಹಳೆಯ ಮೌಸನ್ನು ಕಲ್ಲು ಬಂಡೆ ತಳ್ಳಿದಂತೆ ತಳ್ಳಿ ರೂಢಿಯಾದ ಕೈ. ಹೊಸದನ್ನು ಅದೇ ಜೋರಿನಲ್ಲಿ ತಳ್ಳಿದರೆ ಪರದೆಯ ಮೇಲಿನ ಲೋಕವೇ ಗಿರ‍್ರನೆ ಸುತ್ತಿತು. ಶತ್ರುವನ್ನು ನೋಡಲು ಹೋಗಿ ಛಾವಣಿ ನೋಡಿದೆ, ಛಾವಣಿಯಿಂದ ಇಳಿಯಲು ಹೋಗಿ ನನ್ನ ಬೂಟು ನೋಡಿದೆ. ಕೊನೆಗೆ ಯಾರೋ ಎದುರು ಸಿಕ್ಕರು, ಬಿಡಲಿಲ್ಲ, ಗುಂಡಿನ ಮಳೆ ಸುರಿಸಿದೆ.

“ಅತ್ತಿಗೇ! ನಾನು! ನಾನು ನಿಮ್ಮ ಕಡೆಯವಳು!” ಹೆಡ್‌ಫೋನಿನಲ್ಲಿ ಪುಟ್ಟಿ ಕಿರುಚಿದಳು.

ಅಷ್ಟು ಹೊತ್ತಿಗೆ ಅವಳು ಮಲಗಿಯಾಗಿತ್ತು. ವರ್ಷಗಟ್ಟಲೆ ಆಡಿದ ಆಟದಲ್ಲಿ ನಾನು ಗುರಿ ತಪ್ಪದೆ ಹೊಡೆದದ್ದು ಗಂಡನ ಖಾಸಾ ತಂಗಿಯನ್ನು.

ಮರುವಾರ ಇನ್ನೊಂದು ತಾಪತ್ರಯ. ಪರದೆಯ ಮೇಲಿನ ಗುರಿಯ ಗುರುತು ಸರಾಗವಾಗಿ ಹೋಗುವ ಬದಲು ಕಪ್ಪೆಯ ಹಾಗೆ ಕುಪ್ಪಳಿಸತೊಡಗಿತು. ನನಗೆ ಒಳಗೊಳಗೇ ಖುಷಿಯಾಯಿತು. ಸದ್ಯ, ತಪ್ಪು ಹೊರಿಸಲು ಮತ್ತೆ ಒಬ್ಬರು ಸಿಕ್ಕರು! “ನೋಡ್ರೀ, ವೈರಿಲ್ಲದ್ದು ಅಂದ್ರೆ ಇಷ್ಟೇ ಹಣೆಬರಹ,” ಎಂದು ನಮ್ಮವರನ್ನು ಕರೆದೆ. ಅವರು ಮೇಜಿನ ಕೆಳಗೆ ತೂರಿದರು. ಮೌಸಿನ ಜೊತೆ ಬಂದ, ಅದರ ಸಂಕೇತ ಹಿಡಿಯುವ ಉಗುರಿನಷ್ಟು ದೊಡ್ಡ ತುಂಡನ್ನು ನಾನು ಕಂಪ್ಯೂಟರಿನ ಬೆನ್ನಿಗೆ, ಕಬ್ಬಿಣದ ಬೀರುವಿನ ಸಂದಿಯಲ್ಲಿ ಸಿಕ್ಕಿಸಿದ್ದೆ.

“ಇದನ್ನ ಗುಹೆಯಲ್ಲಿ ಕೂರಿಸಿ ಇಲಿಯ ಕೂಗು ಇದಕ್ಕೆ ಕೇಳಿಸ್ಬೇಕು ಅಂದ್ರೆ ಹೇಗೆ? ಪೆಟ್ಟಿಗೇಲಿ ಒಂದು ವೈರ್ ಇತ್ತಲ್ಲ, ಎಲ್ಲಿ?”

“ವೈರ್ ಬೇಡ ಅಂತ ತಾನೇ ಇದನ್ನ ತಂದಿದ್ದು?”

“ಇಲಿಗೆ ವೈರ್ ಬೇಡ. ಇಲಿಮರಿಗೆ ಬೇಕು.”

ಆ ವೈರನ್ನು ಕಂಪ್ಯೂಟರಿನಿಂದ ಮೇಜಿನ ಮೇಲಕ್ಕೆ ಎಳೆದು, ತುದಿಗೆ ಆ ತುಂಡನ್ನು ಸಿಕ್ಕಿಸಿ ಮೌಸಿನ ಮಗ್ಗುಲಲ್ಲೇ ಇಟ್ಟರು. ಕುಪ್ಪಳಿಸುವುದು ಆ ಕ್ಷಣಕ್ಕೇ ನಿಂತಿತು. ನಾನು ಮೌಸಿನ ವೇಗ ತಗ್ಗಿಸಿದೆ, ಮಣಿಕಟ್ಟು ಬಿಟ್ಟು ಮೊಣಕೈಯಿಂದ ಆಡಿಸುವುದನ್ನು ಕಲಿತೆ. ಕೆಲವು ವಾರಗಳಲ್ಲಿ ಕೈ ಪಳಗಿತು. ಅಂದರೆ ಹಿಂದೆ ಎಷ್ಟು ಕೆಟ್ಟದಾಗಿ ಆಡುತ್ತಿದ್ದೆನೋ ಅಷ್ಟೇ ಕೆಟ್ಟದಾಗಿ ಆಡಲು ಮತ್ತೆ ಶಕ್ತಳಾದೆ. ಓಣಿಯಲ್ಲಿ ಸಾಯುವುದು ತಪ್ಪಲಿಲ್ಲ. ಮೌಸ್ ಮಾತ್ರ ನಾನು ಹೇಳಿದ ಕಡೆ, ಹೇಳಿದ ಗಳಿಗೆಯಲ್ಲಿ, ಚಾಚೂ ತಪ್ಪದೆ ಹೋಗುತ್ತಿತ್ತು. ನಾನು ಹೇಳುತ್ತಿದ್ದುದೇ ತಪ್ಪು ಕಡೆಗೆ.

ಇಷ್ಟಾದರೂ ಗೇಮಿಂಗ್ ಸೆಂಟರಿನಲ್ಲಿ ಭಾನುವಾರ ಪಂದ್ಯ ಇದೆ ಎಂದು ತಿಳಿದಾಗ ನಾನೇ ಕುಣಿದಾಡಿ ಹೆಸರು ಕೊಟ್ಟೆ. ಮೂರನೆಯವರು ಸಿಗದೆ ನಮ್ಮವರನ್ನೇ ಎಳೆದುಕೊಂಡು ಹೋದೆವು. “ನಾನೊಂದು ಪೀಪಾಯಿ ಹಿಂದೆ ಕೂತಿರ‍್ತೀನಿ, ಯಾರೂ ಮಾತಾಡಿಸಬೇಡಿ,” ಎಂಬುದು ಅವರ ಷರತ್ತು.

ಹಾಲಿನಲ್ಲಿ ಎದುರುಬದುರು ಎರಡು ಸಾಲು ಮೇಜು. ಹೆಚ್ಚಿನವರ ಕೈಯಲ್ಲಿ ವೈರಿಲ್ಲದ ಮೌಸೇ. ಅಷ್ಟು ಒಟ್ಟಿಗೆ ಇದ್ದರೂ ಒಂದು ಇನ್ನೊಂದರ ತಂಟೆಗೆ ಹೋಗಲಿಲ್ಲ. ನನ್ನ ಎದುರಿಗೆ ಬಂದು ಕೂತವರು ಒಬ್ಬ ಹಿರಿಯರು, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರ ಮೌಸಿನ ವೈರಿಗೆ ಎರಡು ಕಡೆ ಟೇಪು ಸುತ್ತಿತ್ತು. ನನ್ನದನ್ನು ಅವರಿಗೆ ಕಾಣುವ ಹಾಗೆ ಒಮ್ಮೆ ಎತ್ತಿ ಇಟ್ಟೆ. ಪಾಪ ಎನಿಸಿತು.

ಪಂದ್ಯ ಶುರುವಾಯಿತು. ಆ ದಿನ ನನಗೇನೋ ದೆವ್ವ ಹೊಕ್ಕಿತ್ತು. ಓಣಿಯನ್ನು ಹೊಕ್ಕೆ, ಸಾಯಲಿಲ್ಲ. ಓಣಿಯ ಕೊನೆ ತಲುಪಿದೆ. “ಅತ್ತಿಗೆ, ಸೂಪರ್! ಹಂಗೇ ಇರಿ!” ಎಂದಳು ಪುಟ್ಟಿ. ಎದುರಾಳಿಗೆ ಗುರಿಯಿಟ್ಟು, ಅವರ ಮುಖದಲ್ಲಿ ಗಾಬರಿ ಇದೆಯೇ ಎಂದು ಪರದೆಯ ಪಕ್ಕದಿಂದ ಒಂದು ಕ್ಷಣ ಇಣುಕಿದೆ.

ಕಂಡಕ್ಟರರ ಕೀಬೋರ್ಡಿನ ಪಕ್ಕದಲ್ಲಿ, ಮುಚ್ಚಳ ತೆಗೆದ ಸ್ಟೀಲ್ ಡಬ್ಬಿಯೊಳಗೆ, ಕೆಳಗಿನ ಹಲ್ಲುಸೆಟ್ಟು ನನ್ನನ್ನೇ ನೋಡಿ ನಗುತ್ತಿತ್ತು. ನಾನೇ ಮಾಡಿದ್ದು! ಮುಂದಿನ ಒಂದು ಹಲ್ಲನ್ನು ಚೂರು ವಾಲಿಸಿ ಕೂರಿಸುವುದು ನನ್ನ ಕೈಗುಣ. ತೀರ ಸಾಲಾಗಿದ್ದರೆ ಕೃತಕವಾಗಿ ಕಾಣುತ್ತದೆಂದು. ಸಾವಿರ ಸೆಟ್ಟಿನಲ್ಲಿ ಇಟ್ಟರೂ ಗುರುತು ಹಿಡಿಯುತ್ತೇನೆ. ಯಾಕೆ ತೆಗೆದಿಟ್ಟಿದ್ದಾರೆ? ಒತ್ತುತ್ತದೆಯೇ? ಸಡಿಲವಾಗಿದೆಯೇ? ಅಂಚು ಸರಿಯಾಗಿ ಉಜ್ಜಿರಲಿಲ್ಲವೇ?

ನನ್ನ ಹೆಡ್‌ಫೋನಿನಲ್ಲಿ ಢಮ್ಮೆಂದಿತು. ಸತ್ತಿದ್ದೆ. ಹಿಂದೆಯೇ ಪುಟ್ಟಿಯೂ ಸತ್ತಳು. ಪೀಪಾಯಿಯ ಹಿಂದಿದ್ದ ನಮ್ಮವರನ್ನು ಹುಡುಕುವುದಕ್ಕೆ ಎದುರು ತಂಡಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೆ.

ಪಂದ್ಯ ಮುಗಿದದ್ದೇ ತಡ, ನಾನು ಎದ್ದು ಆ ಕಡೆ ಹೋದೆ. ನಾನು ಕೈ ಕುಲುಕಲು ಬಂದೆನೆಂದುಕೊಂಡು ಅವರು ಕೈ ಚಾಚಿದರು.

“ಈ ಸೆಟ್ಟು ಮಾಡಿದ್ದು ನಾನು ಸರ್. ಯಾಕೆ ತೆಗೆದಿಟ್ಟಿದ್ದೀರಿ? ಲೂಸಾ?”

ಅವರು ತಬ್ಬಿಬ್ಬಾಗಿ, ಅತ್ತ ತಿರುಗಿ ಹಲ್ಲು ಹಾಕಿಕೊಂಡು ಇತ್ತ ತಿರುಗಿದರು. “ಅಯ್ಯೋ, ಸೆಟ್ಟಿಂದೇನೂ ತಪ್ಪಿಲ್ಲಮ್ಮ. ಆಡೋವಾಗ ಹಲ್ಲು ಕಚ್ಚಿ ಹಿಡಿಯೋ ಚಾಳಿ ನಂಗೆ. ಹಾಕ್ಕೊಂಡು ಆಡಿದ್ರೆ ಸಂಜೆಗೆ ವಸಡೆಲ್ಲ ನೋವು. ಊಟಕ್ಕೆ ಕೂತ್ರೆ ರಾಜನ ಹಾಗಿರುತ್ತೆ.”

ಹೋದ ಜೀವ ಬಂದಂತಾಯಿತು. ಸೋತ ದುಃಖ ಎಲ್ಲಿ ಹೋಯಿತೋ! ಆದರೂ ಬಿಡದೆ, ಲ್ಯಾಬಿಗೆ ಬನ್ನಿ, ಆಟದ ಹೊತ್ತಿಗೆಂದು ವಸಡಿನ ಮೇಲೆ ಕೂರಿಸಲು ಮೆತ್ತನೆಯದೊಂದು ಮಾಡಿಕೊಡುತ್ತೇನೆ ಎಂದೆ. ಅವರು ನನ್ನ ಮೌಸನ್ನು ಕೈಗೆ ತೆಗೆದುಕೊಂಡು ಆಚೀಚೆ ಆಡಿಸಿದರು.

“ಒಳ್ಳೇ ಸಾಮಾನು. ನನ್ನದಕ್ಕಿಂತ ಎಷ್ಟೋ ವಾಸಿ. ಇದನ್ನ ಇಟ್ಕೊಂಡು ನೀವು ಹೆಂಗೆ ಸೋತ್ರಿ?”

ಪುಟ್ಟಿ ನಗು ತಡೆಯಲಾರದೆ ಕುರ್ಚಿಯ ಹಿಂದೆ ಕುಕ್ಕರಿಸಿದಳು. ನಗು ನಿಂತ ಮೇಲೆ ಎದ್ದು ಬಂದು, “ಸರ್, ನಮ್ಮ ಟೀಮಿಗೆ ಬರ‍್ತೀರಾ? ನಮ್ಮಣ್ಣನ್ನ ಪೀಪಾಯಿಯಿಂದ ಬಿಡುಗಡೆ ಮಾಡಬೇಕು,” ಎಂದಳು. ಆ ಪಂದ್ಯಕ್ಕೆಂದು ಯಾರದೋ ಬದಲಿಗೆ ಆಡಿದವರಂತೆ ಅವರು. ಒಪ್ಪಿಕೊಂಡರು.

ಈಗ ಶನಿವಾರ ಮೂವರೂ ಆಡುತ್ತೇವೆ. ಅವರಿಗೆ ಹೊಸ ಮೌಸ್ ಬೇಕೆನಿಸಿಲ್ಲ, ನನಗೆ ಹಳೆಯದು ಬೇಕೆನಿಸಿಲ್ಲ. ಆಗಾಗ ಗೆಲ್ಲುತ್ತೇವೆ, ಬಹುಪಾಲು ಅವರಿಬ್ಬರಿಂದ. ಕಂಡಕ್ಟರರ ಮಾತು ಮಾತ್ರ ಇನ್ನೂ ಬಸ್ಸಿನಲ್ಲೇ ಇದೆ. “ಮುಂದೆ ಹೋಗೀಮ್ಮಾ, ಮುಂದೆ ಹೋಗಿ, ಜಾಗ ಖಾಲಿ ಇದೆ!” ಎಂದು ಕೂಗುತ್ತಾರೆ. ನಾನು ಮಾತು ಮೀರದೆ ಮುಂದೆ ಹೋಗುತ್ತೇನೆ, ಅಲ್ಲಿ ಸಾಯುತ್ತೇನೆ.