ಅಯ್ಯನವರ ಹೆಸರಿನ ಪ್ರಸಂಗ

ಆ ವರ್ಷಗಳಲ್ಲಿ ನಮ್ಮ ಕ್ರೈಸ್ತ ಸಭೆಗೆ ಅಯ್ಯನವರು ಪ್ರತಿ ಭಾನುವಾರ ದೊರೆಯುತ್ತಿರಲಿಲ್ಲ. ಅಯ್ಯನವರೆಂದರೆ ನಮ್ಮ ಪಾದ್ರಿಗಳು. ಕಾಡುಗೋಡಿಯ ಕಡೆಯ ಸಭೆಯ ಪಾದ್ರಿಗಳು ನಿವೃತ್ತರಾದ ಮೇಲೆ ಆ ಸಭೆಯನ್ನೂ ಇವರಿಗೇ ವಹಿಸಲಾಗಿತ್ತು. ನಮ್ಮ ದೇವಾಲಯವಿದ್ದ ಜಾಲಹಳ್ಳಿ ಬೆಂಗಳೂರಿನ ಒಂದು ತುದಿ, ಕಾಡುಗೋಡಿ ಇನ್ನೊಂದು ತುದಿ. ಒಂದೇ ಬೆಳಗ್ಗೆ ಎರಡೂ ಕಡೆ ಆರಾಧನೆ ನಡೆಸುವುದು ಬಸ್ಸಿನಲ್ಲಿ ಓಡಾಡುವವರಿಗೆ ಸಾಧ್ಯವಿರಲಿಲ್ಲ. ಅವರು ಬಾರದ ವಾರ, ಅವರು ಬರೆದುಕೊಟ್ಟ ಪ್ರಸಂಗವನ್ನು, ಎಂದರೆ ಆ ವಾರದ ಉಪದೇಶವನ್ನು, ಸಭಾಹಿರಿಯರೊಬ್ಬರು ಪೀಠದಲ್ಲಿ ನಿಂತು ಓದುವ ಪದ್ಧತಿಯಿತ್ತು. ಓದುವ ಮುನ್ನ "ಇದು ಅಯ್ಯನವರ ಪ್ರಸಂಗ" ಎಂದು ಹೇಳಬೇಕು. ಹಾಗೆ ಹೇಳಿದ ಮೇಲೆಯೇ ಜನ ಕೆಮ್ಮು ನಿಲ್ಲಿಸಿ, ಮಕ್ಕಳನ್ನು ಸುಮ್ಮನಾಗಿಸಿ, ಕೇಳಲು ಅಣಿಯಾಗುತ್ತಿದ್ದರು.

ಓದುತ್ತಿದ್ದ ಹಿರಿಯರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ನನ್ನ ಅಪ್ಪ ಅದೇ ಕಾರ್ಖಾನೆಯಲ್ಲಿ ಲೋಹದ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಅವರ ಕೈಕೆಳಗೆ ದುಡಿದವರು. ರಕ್ತಸಂಬಂಧವಿಲ್ಲದಿದ್ದರೂ ನಾನು ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ. ಅವರ ಕಣ್ಣಿಗೆ ಪೊರೆ ಬಂದು ಸಾಲುಗಳು ತಪ್ಪತೊಡಗಿದವು. ಒಂದು ಭಾನುವಾರ ಒಂದೇ ಪುಟವನ್ನು ಎರಡು ಬಾರಿ ಓದಿದರು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಕಾರ್ಖಾನೆಯ ಟೂಲ್‌ರೂಮಿನವರೊಬ್ಬರು, "ಓವರ್‌ಟೈಮ್ ಮಾಡಿದ್ರು ಕಣ್ರೀ ಇವತ್ತು. ಡಬಲ್ ರೇಟ್ ಕೊಡ್ಬೇಕು" ಎಂದರು.

ಅದಾದ ಮೇಲೆ ಅಯ್ಯನವರು ನನ್ನನ್ನು ಕರೆದು, "ಇನ್ಮೇಲೆ ನಾನಿಲ್ಲದ ವಾರ ನೀನು ನಿಂತ್ಕೊಳಮ್ಮ. ನಾನು ಬರೆದಿದ್ದನ್ನೇ ಓದ್ಬೇಕು ಅಂತೇನಿಲ್ಲ, ನೀನೇ ತಯಾರಿ ಮಾಡ್ಕೊಂಡು ಮಾತಾಡಬಹುದು. ಕಮಿಟೀಲಿ ನಾನು ಹೇಳ್ತೀನಿ" ಎಂದರು.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇತಿಹಾಸದಲ್ಲಿ ಎಂ.ಎ. ಮುಗಿಸಿ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿದ್ದೆ. ಬಾಗಲಗುಂಟೆಯಲ್ಲಿ ರೈತ ಕುಟುಂಬವೊಂದರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಅಮ್ಮನೂ ನಾನೂ ಬಾಡಿಗೆಗಿದ್ದೆವು. ನಾಲ್ಕು ಜನರೆದುರು ತಪ್ಪು ಮಾತನಾಡಿಬಿಟ್ಟೇನೆಂಬ ಭಯ ನನ್ನನ್ನು ಎಂದೂ ಬಿಟ್ಟಿರಲಿಲ್ಲ. ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಪೂರ್ತಿಯಾಗಿ ಕಟ್ಟಿ, ಕ್ರಿಯಾಪದ ಸರಿಯಾಗಿದೆಯೆಂದು ನೋಡಿಕೊಂಡ ಮೇಲೆಯೇ ಬಾಯಿ ತೆರೆಯುತ್ತಿದ್ದೆ. ಅಂಥವಳಿಗೂ ಆ ಪೀಠದಿಂದ ತನ್ನ ಮಾತನ್ನು ತನ್ನದೆಂದೇ ಆಡುವ ಆಸೆ ಎಷ್ಟಿತ್ತೆಂಬುದು ಅಯ್ಯನವರು ಕೇಳಿದ ಆ ಗಳಿಗೆಯಲ್ಲಿ ನನಗೆ ತಿಳಿಯಿತು.

ದೊಡ್ಡಪ್ಪ ಒಪ್ಪಲಿಲ್ಲ. ಮನೆಗೇ ಬಂದು, ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು.

"ನಿನ್ ಮೇಲೆ ನಂಗೇನೂ ಕೋಪ ಇಲ್ಲಮ್ಮ. ಆದ್ರೆ ಅಪೊಸ್ತಲ ಏನ್ ಬರೆದವ್ನೆ? ಹೆಂಗಸ್ರು ಸಭೇಲಿ ಸುಮ್ನೆ ಕೂತು ಕಲೀಬೇಕು, ಉಪದೇಶ ಮಾಡಬಾರ್ದು ಅಂತ. ನಾನು ಹೇಳಿದ್ದಲ್ಲ ಅದು. ನಾನಾಗಿದ್ರೆ ಯಾವತ್ತೋ ಬಿಟ್ಕೊಡ್ತಿದ್ದೆ."

ಅವರು ಹೇಳಿದ ಅಪೊಸ್ತಲ ಯೇಸುವಿನ ಮರಣಾನಂತರ ಊರೂರು ತಿರುಗಿ ಸಭೆಗಳನ್ನು ಕಟ್ಟಿ, ಆ ಸಭೆಗಳಿಗೆ ಪತ್ರಗಳನ್ನು ಬರೆದವನು. ತನ್ನ ಕಿರಿಯ ಶಿಷ್ಯನೊಬ್ಬನಿಗೆ ಆತ ಬರೆದನೆನ್ನಲಾಗುವ ಎರಡು ಪತ್ರಗಳೂ ಸತ್ಯವೇದದಲ್ಲಿ, ಎಂದರೆ ಬೈಬಲಿನಲ್ಲಿ, ಇವೆ. ಹೆಂಗಸರ ಬಾಯಿ ಮುಚ್ಚಿಸುವ ಮಾತು ಅವುಗಳಲ್ಲಿ ಮೊದಲನೆಯದರದು.

ನಗರದಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜೊಂದರ ಗ್ರಂಥಾಲಯಕ್ಕೆ ಅಯ್ಯನವರು ನನಗೆ ಪ್ರವೇಶ ದೊರಕಿಸಿಕೊಟ್ಟಿದ್ದರು. ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನದ ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಆದಿಕಾಲದ ಸಭೆಗಳ ಇತಿಹಾಸವನ್ನು ಕುರಿತ ಗ್ರಂಥಗಳನ್ನು ಓದಿದೆ. ನನಗೆ ಬೇಕಾದದ್ದು ಬಹಳ ಬೇಗ ಸಿಕ್ಕಿತು. ಆ ಎರಡು ಪತ್ರಗಳು ಅಪೊಸ್ತಲನವಲ್ಲ, ಅವನು ಸತ್ತ ಮೇಲೆ ಮುಂದಿನ ತಲೆಮಾರಿನ ಯಾರೋ ಒಬ್ಬರು ಅವನ ಹೆಸರಿನಲ್ಲಿ ಬರೆದವು ಎಂಬುದು ಇತಿಹಾಸಕಾರರಲ್ಲಿ ಬಹುಮಂದಿಯ ಅಭಿಪ್ರಾಯ. ಪದಬಳಕೆ ಬೇರೆ, ವಾಕ್ಯದ ನಡೆ ಬೇರೆ. ಪತ್ರಗಳಲ್ಲಿ ಕಾಣುವ ಸಭಾಹಿರಿಯರ, ಮೇಲ್ವಿಚಾರಕರ ವ್ಯವಸ್ಥೆ ಅವನ ಕಾಲಕ್ಕಿಂತ ಈಚಿನದು. ಗುರುವಿನ ಹೆಸರಿನಲ್ಲಿ ಶಿಷ್ಯರು ಬರೆಯುವುದು ಆ ಕಾಲದಲ್ಲಿ ಇತ್ತೆಂದೂ, ಅದನ್ನು ಕೆಲವರು ಭಕ್ತಿಯೆನ್ನುತ್ತಾರೆ, ಕೆಲವರು ಮೋಸವೆನ್ನುತ್ತಾರೆಂದೂ ಓದಿದೆ. ಆ ಮಧ್ಯಾಹ್ನ ಬಸ್ಸಿನಲ್ಲಿ ಹಿಂದಿರುಗುವಾಗ ದೊಡ್ಡಪ್ಪನಿಗೆ ಕೊಡಬೇಕಾದ ಉತ್ತರ ನನ್ನಲ್ಲಿ ವಾಕ್ಯ ವಾಕ್ಯವಾಗಿ ಸಿದ್ಧವಾಗಿತ್ತು.

ಮನೆಗೆ ಬಂದರೆ ಅಮ್ಮ ಹೊಸ್ತಿಲ ಬಳಿ ಕುಳಿತು ಹಿತ್ತಾಳೆಯ ಫಲಕವೊಂದನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದಳು. ಅಪ್ಪ ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ನಮ್ಮ ಸಭೆಯಲ್ಲಿ ಕಾರ್ಖಾನೆಯವರು ಯಾರಾದರೂ ತೀರಿಕೊಂಡರೆ ಅವರ ಸಮಾಧಿಗೆ ಹಾಕುವ ಫಲಕವನ್ನು ಜೊತೆಯ ಕೆಲಸಗಾರರೇ ಕೆತ್ತಿಕೊಡುತ್ತಿದ್ದರು. ಅಪ್ಪನ ಫಲಕವನ್ನು ಟೂಲ್‌ರೂಮಿನವರು ಬಹಳ ಚೆನ್ನಾಗಿ ಕೆತ್ತಿದ್ದರು. ಅಕ್ಷರಗಳ ಅಂಚು ಬೆರಳಿಗೆ ತಾಗುವಷ್ಟು ಚೂಪಾಗಿತ್ತು. ಅಪ್ಪನ ಹೆಸರಿನ ಕೆಳಗೆ ಅಮ್ಮ ಆರಿಸಿದ ವಚನ. ಓಟ ಮುಗಿಸಿದೆ, ನಂಬಿಕೆಯನ್ನು ಕಾಪಾಡಿಕೊಂಡೆ ಎಂಬ ಅರ್ಥದ ಮಾತು. ಅದು ಆ ಎರಡನೆಯ ಪತ್ರದ್ದು.

"ಓದೇ ಒಂದ್ಸಲ" ಎಂದಳು. ಅಮ್ಮನಿಗೆ ಓದು ಬರುತ್ತಿರಲಿಲ್ಲ.

ಓದಿದೆ.

"ಜೈಲಲ್ಲಿ ಕೂತು ಬರೆದಿದ್ದು ಕಣೆ ಅಪೊಸ್ತಲ ಇದನ್ನ. ನಾಳೆ ಕತ್ತು ತೆಗೀತಾರೆ ಅಂತ ಗೊತ್ತಿತ್ತು ಅವ್ನಿಗೆ. ಸಾಯೋ ಮನುಷ್ಯ ಸುಳ್ಳು ಬರೀತಾನಾ? ಅದಕ್ಕೇ ನಿಮ್ಮಪ್ಪ ಆಸ್ಪತ್ರೇಲಿ ಉಸಿರು ಸಿಗ್ದಿದ್ರೂ ಇದನ್ನೇ ಹೇಳ್ಕೊಂಡ್ ಮಲಗಿದ್ರು."

ಎರಡು ಪತ್ರಗಳನ್ನು ಬರೆದ ಕೈ ಒಂದೇ ಎಂದು ನಾನೇ ಓದಿ ಬಂದಿದ್ದೆ. ನನ್ನ ಬಾಯಿ ಮುಚ್ಚಿಸಿದ ಮಾತು ಅಪೊಸ್ತಲನದಲ್ಲವೆಂದು ಸಾಧಿಸಿದರೆ, ಅಪ್ಪ ಹಿಡಿದುಕೊಂಡು ಸತ್ತ ಮಾತೂ ಅವನದಲ್ಲವೆಂದಾಗುತ್ತಿತ್ತು. ಸಾಯಲಿದ್ದ ಮನುಷ್ಯ ಬರೆದನೆಂಬುದೇ ಅಮ್ಮನಿಗೆ ಆ ಮಾತಿನ ಬಲವಾಗಿತ್ತು.

ಮುಂದಿನ ಶನಿವಾರ ಮತ್ತೆ ಗ್ರಂಥಾಲಯಕ್ಕೆ ಹೋದೆ. ಎರಡನೆಯ ಪತ್ರದಲ್ಲಿ ಅಪೊಸ್ತಲನ ಕೆಲವು ನಿಜವಾದ ಸಾಲುಗಳು ಉಳಿದಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆಂದು ತಿಳಿಯಿತು. ಆ ಪುಟವನ್ನು ಬಿಟ್ಟು ಏಳಲು ಮನಸ್ಸು ಬರಲಿಲ್ಲ. ಆದರೆ ನನಗೆ ಬೇಕಾಗಿದೆಯೆಂಬ ಕಾರಣಕ್ಕೆ ಒಂದು ಅಭಿಪ್ರಾಯವನ್ನು ಆರಿಸಿಕೊಳ್ಳುವುದು ಇತಿಹಾಸ ಓದಿದವಳಿಗೆ ಸಲ್ಲದು ಎಂಬ ಎಚ್ಚರವೂ ಪಕ್ಕದಲ್ಲೇ ಕುಳಿತಿತ್ತು. ಆ ದಿನಗಳಲ್ಲಿ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ನನ್ನ ಬಾಯಿಗೆ ಬರುತ್ತಿದ್ದ ಒಂದೊಂದು ವಚನವನ್ನೂ ಯಾರದೆಂದು ಕೇಳಿ ತಡೆದು ನಿಲ್ಲಿಸುತ್ತಿದ್ದೆ. ದೇವರನ್ನು ನಾನು ಬಿಟ್ಟಿರಲಿಲ್ಲ. ಅವನ ಮುಂದೆ ಹೋಗಲು ಯಾವ ಮಾತೂ ಉಳಿದಿರಲಿಲ್ಲ, ಅಷ್ಟೇ.

ಅಯ್ಯನವರಿಗೆ ಎಲ್ಲವನ್ನೂ ಹೇಳಿದೆ. ಅವರು ಗಾಬರಿಯಾಗುವರೆಂದು ಎಣಿಸಿದ್ದೆ. ಅವರು ನಕ್ಕರು.

"ನಮಗೂ ಇದೇ ಪಾಠ ಆಗಿದೆ ಕಣಮ್ಮ. ಪರೀಕ್ಷೇಲಿ ಬರೆದು ಪಾಸೂ ಆಗಿದ್ದೀನಿ."

"ಹಾಗಾದರೆ ಸಭೆಯಲ್ಲಿ ಏಕೆ ಹೇಳುವುದಿಲ್ಲ, ಅಯ್ಯನವರೇ?"

"ಯಾರಿಗೆ ಹೇಳಲಿ? ಹೆಣ ಮುಂದೆ ಇಟ್ಕೊಂಡು ಕೂತವ್ರಿಗಾ? ಮದುವೆ ಮನೇಲಾ? ಇವತ್ತು ಹೇಳಬಹುದು ಅನ್ನೋ ಭಾನುವಾರ ನನಗೆ ಇನ್ನೂ ಸಿಕ್ಕಿಲ್ಲ." ಚೀಲವನ್ನು ಹೆಗಲಿಗೇರಿಸುತ್ತ, "ನೀನೂ ಹುಡುಕಿ ನೋಡು" ಎಂದರು.

ಅದಾದ ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಕೂಡಿತು. ಸ್ತ್ರೀಯರ ಸಂಘದ ಪರವಾಗಿ ಅಮ್ಮನೂ ಬೆಂಚಿನ ತುದಿಯಲ್ಲಿದ್ದಳು. ನಾನು ಎದ್ದು ನಿಂತು, ಆ ಮೊದಲನೆಯ ಪತ್ರವನ್ನು ಅದು ಯಾವ ಕಾಲದಲ್ಲಿ, ಯಾರಿಂದ ಬರೆಯಲ್ಪಟ್ಟಿತೆಂಬ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ ಎಂದು ಆರಂಭಿಸಿದೆ.

"ಪೀಠ ಅಂದ್ರೆ ಬ್ಲಾಕ್‌ಬೋರ್ಡ್ ಅಂದ್ಕೊಂಡ್ಬಿಟ್ಟವ್ಳೆ" ಎಂದು ಯಾರೋ ಹಿಂದಿನಿಂದ ಹೇಳಿದರು.

"ಟೆಸ್ಟ್ ಇಡಲ್ಲ ಅಂದ್ರೆ ನಾನು ಒಪ್ತೀನಪ್ಪ" ಎಂದರು ಟೂಲ್‌ರೂಮಿನವರು. ನಗು ಎದ್ದಿತು.

ದೊಡ್ಡಪ್ಪ ನಗಲಿಲ್ಲ. "ಸುತ್ತಿ ಬಳಸಿ ಬೇಡ ಮಗಳೇ. ಆ ಪತ್ರ ಅಪೊಸ್ತಲ ಬರೆದಿದ್ದಲ್ಲ ಅಂತೀಯಾ? ಹೌದೋ ಅಲ್ವೋ, ಅಷ್ಟು ಹೇಳು."

ಅಮ್ಮ ನನ್ನತ್ತ ತಿರುಗಿದಳು. ನಾನು ಗೆಲ್ಲಬೇಕೆಂದು ಅವಳಿಗೆ ಆಸೆಯಿದ್ದದ್ದು ಆ ಮುಖದಲ್ಲೇ ಕಾಣುತ್ತಿತ್ತು. ಅವಳ ಬೆರಳ ತುದಿಗಳು ಹಿಂದಿನ ದಿನವೂ ಫಲಕ ತಿಕ್ಕಿ ಕಪ್ಪಾಗಿದ್ದವು.

"ಹಾಗಲ್ಲ, ದೊಡ್ಡಪ್ಪ" ಎಂದೆ.

ಆಮೇಲೆ ಬೇರೆ ದಾರಿ ಹಿಡಿದೆ. ಇನ್ನೊಂದು ಸಭೆಗೆ ಅಪೊಸ್ತಲ ಬರೆದ ಪತ್ರದಲ್ಲಿ ಹೆಂಗಸರು ಸಭೆಯ ಮುಂದೆ ಪ್ರಾರ್ಥಿಸುವುದನ್ನೂ ದೇವರ ಮಾತನ್ನು ಪ್ರವಾದಿಸುವುದನ್ನೂ ಸಹಜವೆಂದೇ ಎಣಿಸಿದ್ದಾನೆ, ತಲೆ ಮುಚ್ಚಿಕೊಳ್ಳಿ ಎಂದಷ್ಟೇ ಹೇಳಿದ್ದಾನೆ ಎಂದೆ. ಆ ಪತ್ರ ಅವನದೇ ಎಂಬುದರಲ್ಲಿ ಯಾವ ವಿದ್ವಾಂಸರಿಗೂ ಸಂದೇಹವಿಲ್ಲ. ಅದೇ ಪತ್ರದಲ್ಲಿ ಮುಂದೆ ಹೆಂಗಸರು ಸುಮ್ಮನಿರಲಿ ಎಂಬ ಮಾತೂ ಬರುತ್ತದೆ. ಅದನ್ನು ಯಾರೂ ಎತ್ತದಿರಲೆಂದು ಹಾರೈಸುತ್ತ ನಿಂತಿದ್ದೆ. ಯಾರೂ ಎತ್ತಲಿಲ್ಲ.

ದೊಡ್ಡಪ್ಪ ಆ ಮಾತಿಗೆ ಅರ್ಧ ಒಪ್ಪಿದರು. ಕೊನೆಗೆ ತೀರ್ಮಾನವಾಯಿತು. ನಾನು ನಿಲ್ಲಬಹುದು, ಆದರೆ ಉಪದೇಶ ಮಾಡುವಂತಿಲ್ಲ, ಓದಬೇಕು. ತಲೆಯ ಮೇಲೆ ಸೆರಗಿರಬೇಕು. ಪೀಠ ಹತ್ತದೆ ಕೆಳಗೆ ನೆಲದ ಮೇಲೆ ನಿಲ್ಲಬೇಕು. ಓದುವುದು ಅಯ್ಯನವರ ಪ್ರಸಂಗವನ್ನು ಮಾತ್ರ.

ಅಮ್ಮ ಮನೆಯವರೆಗೂ ನನ್ನ ಕೈ ಬಿಡಲಿಲ್ಲ.

ಎರಡು ವಾರ ಓದಿದೆ. ಮೂರನೆಯ ಬಾರಿಗೆ ಅಯ್ಯನವರಿಂದ ಪ್ರಸಂಗ ಬರಲಿಲ್ಲ. ಕಾಡುಗೋಡಿಯ ಕಡೆ ಸಾವು, ಮದುವೆ, ಕಟ್ಟಡದ ಕೆಲಸ ಎಲ್ಲ ಒಟ್ಟಿಗೆ ಬಿದ್ದಿದ್ದವು. ಬಸ್ ನಿಲ್ದಾಣದಲ್ಲಿ ಸಿಕ್ಕ ಅಯ್ಯನವರು, "ನೀನೇ ಬರೆದ್ಬಿಡಮ್ಮ. ಓದೋವಾಗ ಪದ್ಧತಿ ಪ್ರಕಾರ ನನ್ನ ಹೆಸರೇ ಹೇಳು" ಎಂದರು.

"ಅದು ಸುಳ್ಳಾಗುವುದಿಲ್ಲವೇ?"

"ನನಗೆ ಹೊತ್ತಿದ್ದಿದ್ರೆ ನಾನೂ ಅದನ್ನೇ ಬರೀತಿದ್ದೆ ಅಂದ್ಕೋ" ಎಂದು ಬಸ್ಸು ಹತ್ತಿದರು.

ಆ ಪತ್ರಗಳನ್ನು ಬರೆದ ಹೆಸರಿಲ್ಲದ ಮನುಷ್ಯನ ನೆನಪು ಅಲ್ಲಿಯೇ ಬಂದಿತು. ಅವನು ಭಕ್ತನೋ ಮೋಸಗಾರನೋ ಎಂಬ ವಾದವನ್ನು ಓದಿದ್ದೆ. ಅವನನ್ನು ಹೀಗೇ ಯಾರೋ ನಿಲ್ಲಿಸಿ ಬರೆಸಿರಬಹುದು ಎಂಬುದು ಯಾವ ಗ್ರಂಥದಲ್ಲೂ ಇರಲಿಲ್ಲ. ಎರವಲು ಹೆಸರಿನಲ್ಲಿ ಅವನು ನನ್ನ ಬಾಯಿ ಮುಚ್ಚಿಸಿದ್ದ. ನನ್ನ ಬಾಯಿ ತೆರೆಯುವುದಕ್ಕೂ ಎರವಲು ಹೆಸರೇ ಬೇಕಾಯಿತು. ಅವನ ಮೇಲೆ ನನಗಿದ್ದ ಸಿಟ್ಟು ಅಂದಿನಿಂದ ಮೊದಲಿನಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ.

ಫೌಂಡ್ರಿಯನ್ನು ಕುರಿತು ಬರೆದೆ. ಅಪ್ಪ ಮರಳಿನಲ್ಲಿ ಅಚ್ಚು ಕಟ್ಟುತ್ತಿದ್ದುದು, ಕಾದ ಲೋಹ ಸುರಿಯುತ್ತಿದ್ದುದು. ಅಚ್ಚು ಒಡೆದ ಮೇಲೆಯೇ ಎರಕ ಹೊರಗೆ ಬರುವುದು. ಒಡೆದದ್ದನ್ನು ಕಂಡು ಅತ್ತವರು ಹೊರಬಂದದ್ದನ್ನೂ ಕಾಣುವಂತಾಗಲಿ ಎಂದು ಒಂದು ಕಡೆ ಬರೆದಿದ್ದೆ. ಭಾನುವಾರ ಸೆರಗು ಹೊದ್ದು, ನೆಲದ ಮೇಲೆ ನಿಂತು, "ಇದು ಅಯ್ಯನವರ ಪ್ರಸಂಗ" ಎಂದು ಹೇಳಿ ಓದಿದೆ. ದೊಡ್ಡಪ್ಪ ಕಣ್ಣೊರೆಸಿಕೊಂಡರು. ಪೊರೆಯ ಕಣ್ಣು ಹೇಗೂ ನೀರೂರುತ್ತಿತ್ತು, ಖಚಿತವಾಗಿ ಹೇಳಲಾರೆ.

ಮರುದಿನ ಬೆಳಗ್ಗೆ ಶಾಲೆಗೆ ಹೊರಡುವ ಮುನ್ನ ಒಳಗಿದ್ದೆ. ಹಿತ್ತಲಿನಲ್ಲಿ ಅಮ್ಮ ಮನೆಯ ಯಜಮಾನಿಯೊಡನೆ ಬಟ್ಟೆ ಒಗೆಯುತ್ತಿದ್ದಳು. ಒಡೆದದ್ದನ್ನು ಕಂಡು ಅತ್ತವರ ಆ ವಾಕ್ಯವನ್ನು ಒಂದಕ್ಷರ ಬಿಡದೆ ಹೇಳಿ, "ನಮ್ಮ ಅಯ್ಯನೋರು ಬರೆದಿದ್ದು ಅಕ್ಕ" ಎಂದಳು. "ಇವಳಪ್ಪ ಹೋದಾಗಿಂದ ಇಂಥ ಮಾತು ಕೇಳಿರ್ಲಿಲ್ಲ. ನಿನ್ನೆ ಊಟ ಸೇರ್ತು ನಂಗೆ."

"ದೊಡ್ಡೋರು ಯೋಳಿದ್ರೆ ಅಂಗೇ ಕಣವ್ವ, ಸೀದಾ ಒಳಕ್ಕೋಯ್ತದೆ" ಎಂದರು ಯಜಮಾನಿ. "ನಿನ್ ಮಗಳು ಯೋಳಾಕಿಲ್ವಾ ಇಂಥವ?"

"ಅವಳಾ? ಅವಳು ಓದ್ತಾಳೆ, ಅಷ್ಟೇ."

ಕಿಟಕಿಯ ಬಳಿ ಹೋದರೆ ಇಬ್ಬರಿಗೂ ಕಾಣಿಸುತ್ತಿದ್ದೆ. ಹೋಗಲಿಲ್ಲ. ಆ ಮಾತು ಅಮ್ಮನಲ್ಲಿ ಉಳಿಯಬೇಕಾದರೆ ಅದು ನನ್ನದಾಗಿರಬಾರದಿತ್ತು. ಅದನ್ನು ಅಂದೇ ಒಪ್ಪಿಕೊಂಡೆನೆಂದು ಹೇಳಲಾರೆ. ಬಟ್ಟೆ ಒಗೆಯುವ ಸದ್ದು ನಿಲ್ಲುವವರೆಗೆ ಕಾದು, ಮುಂದಿನ ವಾರದ ಕಾಗದ ತೆಗೆದು, ಮೇಲ್ಭಾಗದಲ್ಲಿ ಅಯ್ಯನವರ ಹೆಸರು ಬರೆದೆ.