ದೋಣಿ ಸಿನಿಮಾಕ್ಕೆ ಮಾತು ಹಾಕಿದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಮನೆ ನಿಟ್ಟುವಳ್ಳಿಯಲ್ಲಿ. ಊರಲ್ಲಿ ಆಗ ಒಂದು ಸಣ್ಣ ಫಿಲ್ಮ್ ಸೊಸೈಟಿ ಇತ್ತು. ಥಿಯೇಟರಿಗೆ ಬಾರದ ದೇಶವಿದೇಶದ ಚಿತ್ರಗಳನ್ನು ತರಿಸಿ ತಿಂಗಳಿಗೊಮ್ಮೆ ತೋರಿಸುವ ಕೂಟ. ಅದಕ್ಕೆ ಮೊದಲು ಸೇರಿದವರು ನನ್ನ ಗಂಡ. ನಾನು ಜೊತೆಗೆ ಹೋದವಳು. ಒಂದೆರಡು ಚಿತ್ರ ಆಗುವಷ್ಟರಲ್ಲಿ ಅವರಿಗೆ ನಿದ್ದೆ ಬಂತು, ನನಗೆ ಹುಚ್ಚು ಹಿಡಿಯಿತು. ಕಾರ್ಯದರ್ಶಿಯಾಗಿದ್ದ ಲೆಕ್ಚರರಿಗೆ ವರ್ಗವಾದಾಗ ಅಧ್ಯಕ್ಷರಾಗಿದ್ದ ಕಣ್ಣಿನ ಡಾಕ್ಟರು, "ಟೀಚರ್, ಇನ್ನ ಮೇಲೆ ನೀವೇ ನೋಡ್ಕೊಳ್ರಿ" ಎಂದರು. ಯೋಚನೆ ಮಾಡದೆ ಹೂಂ ಎಂದುಬಿಟ್ಟೆ.

ಹರಿಹರದ ಕಾರ್ಖಾನೆ ಕಾಲೋನಿಯ ಮಹಿಳಾ ಸಂಘಕ್ಕೆ ಒಂದು ಹಾಲ್ ಇತ್ತು. ಗಂಡಸರು ಪಾಳಿಗೆ ಹೋದ ಮೇಲೆ ಅಲ್ಲಿ ಒಂದು ಮಧ್ಯಾಹ್ನ ಸಿನಿಮಾ ತೋರಿಸೋಣವೆಂದು ನಾನು ಹೊರಟೆ. ಡಾಕ್ಟರಿಗೆ ಅನುಮಾನ. "ಅವರಿಗೆ ಇಂಥವು ಹಿಡಿಸ್ತಾವೇನ್ರಿ?" ಎಂದರು. ಆದರೂ ಸ್ಕೂಟರ್ ಮೇಲೆ ತಾವೂ ಬಂದರು. ಚಿತ್ರದ ಮಾತು ಯಾವುದೋ ದೂರದ ದೇಶದ್ದು. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತವೆ, ಅವನ್ನು ನಾನು ಮೈಕಿನಲ್ಲಿ ಕನ್ನಡದಲ್ಲಿ ಹೇಳುವುದು ಎಂದು ಗೊತ್ತುಮಾಡಿಕೊಂಡಿದ್ದೆವು.

ಜಮಖಾನೆ ತುಂಬ ಹೆಂಗಸರು, ಮಡಿಲಲ್ಲಿ ಮಕ್ಕಳು. ದೀಪ ಆರಿತು. ಪರದೆಯ ಮೇಲೆ ನದಿ, ದೋಣಿ, ಹುಟ್ಟು ಹಾಕುವ ಒಬ್ಬ ಹೆಂಗಸು. ಮಾತು ಶುರುವಾಯಿತು. ಅಕ್ಷರ ಮಾತ್ರ ಬರಲಿಲ್ಲ.

ಪ್ರೊಜೆಕ್ಟರ್ ತಂದಿದ್ದವರು ಹರಿಹರದಲ್ಲೇ ರೇಡಿಯೋ ರಿಪೇರಿ ಮಾಡುತ್ತಿದ್ದ ಸಾಹೇಬರು. ನನ್ನ ಕಡೆ ಬಾಗಿ, "ಮೇಡಂ, ಬೇರೆ ಪ್ರಿಂಟ್ ಕಳಿಸ್ಯಾರೆ. ಬಂದ್ ಮಾಡ್ಲಾ?" ಎಂದರು.

"ಬ್ಯಾಡ, ಓಡಿಸ್ರಿ" ಎಂದೆ. ಮೈಕ್ ಹಿಡಿದು ಹೇಳಿದೆ: "ನೋಡ್ರಿ, ಈ ಭಾಷೆ ನನಗೂ ಬರಲ್ಲ. ನನಗೆ ತಿಳಿದಂಗೆ ಕಥೆ ಹೇಳ್ತೀನಿ. ತಪ್ಪಿದ್ರೆ ನೀವು ತಿದ್ರಿ."

ಕೋಟು ತೊಟ್ಟ ಒಬ್ಬ ಗಂಡಸು ಚೀಲ ಹಿಡಿದು ದೋಣಿ ಹತ್ತಿದ. ಆಕೆ ಅವನ ಮುಖ ಸಹ ನೋಡಲಿಲ್ಲ. ಸರ್ಕಾರದ ಅಧಿಕಾರಿ, ದೋಣಿ ಜಪ್ತಿಗೆ ಬಂದಿದ್ದಾನೆ ಎಂದು ನಾನು ಗಂಭೀರವಾಗಿ ಹೇಳಿದೆ. ಅವನ ಬಾಯಲ್ಲಿ ಕಚೇರಿ ಭಾಷೆಯನ್ನೂ ಆಡಿಸಿದೆ. ಮುಂದೆ ಅವನು ಆಕೆಯ ಗುಡಿಸಲಿಗೆ ಹೋಗಿ ಒಲೆ ಮುಂದೆ ಕೂತು, ಗೂಡಿನಿಂದ ಒಂದು ಡಬ್ಬಿ ಇಳಿಸಿದ.

"ಟೀಚರ್, ಅವನು ಆಫೀಸರ್ ಅಲ್ಲ ಬಿಡ್ರಿ" ಎಂದಿತು ಕತ್ತಲಲ್ಲಿ ಒಂದು ದನಿ. "ಗಂಡ ಅವನು. ಸಕ್ಕರೆ ಡಬ್ಬಿ ಎಲ್ಲೈತೆ ಅಂತ ಕೇಳದೇನೇ ತಗೊಂಡ, ನೋಡ್ರಿ."

ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. "ಹಂಗಾದ್ರೆ ಇಷ್ಟು ದಿನ ಎಲ್ಲಿಗೆ ಹೋಗಿದ್ದ?" ಎಂದು ಮೈಕಿನಲ್ಲೇ ಕೇಳಿದೆ. ಅಲ್ಲಿಂದ ಮುಂದೆ ಕಥೆ ನನ್ನ ಕೈಲಿ ಉಳಿಯಲಿಲ್ಲ. ಒಬ್ಬರು ಗಂಡನ ಮಾತು ಹೇಳಿದರೆ ಇನ್ನೊಬ್ಬರು ಹೆಂಡತಿಯ ಉತ್ತರ ಕೊಟ್ಟರು. ದೋಣಿಯ ಮೂಲೆಯಲ್ಲಿದ್ದ ಮೇಕೆಗೂ ಯಾರೋ ಮಾತು ಕೊಟ್ಟರು. ರೀಲು ಬದಲಿಸುವಾಗ ಅವನನ್ನು ಮನೆಗೆ ಸೇರಿಸಬೇಕೋ ಬೇಡವೋ ಎಂದು ಎರಡು ಪಕ್ಷವಾಗಿ ವಾದ ಎದ್ದಿತು. ಸಾಹೇಬರು ಬೇಕಂತಲೇ ನಿಧಾನ ಮಾಡಿದರು.

ಕೊನೆಯಲ್ಲಿ ಆ ಗಂಡಸು ಕೋಟು ಕಳಚಿಟ್ಟು ತಾನೇ ಹುಟ್ಟು ಹಿಡಿದ. ಆಕೆ ಸ್ವಲ್ಪ ಹೊತ್ತು ನಿಂತೇ ಇದ್ದು, ಆಮೇಲೆ ದೋಣಿಯ ಅಂಚಿನಲ್ಲಿ ಕೂತಳು. ನಾನು ಮೈಕ್ ಕೆಳಗಿಟ್ಟೆ. ಮುಂದಿನ ಸಾಲಿನಲ್ಲಿದ್ದ, ದುಪಟ್ಟಾ ಹೊದ್ದ ವಯಸ್ಸಾದ ಬೀಬಿಯೊಬ್ಬರು ಮೆಲ್ಲಗೆ, "ಕೂಡ್ಲಿ ಬಿಡ್ರಿ, ಒಂದಿನ ಆರಾಮ ಕೂಡ್ಲಿ ಪಾಪ" ಎಂದರು. ಅದಕ್ಕಿಂತ ಒಳ್ಳೆಯ ಮಾತು ಆ ಚಿತ್ರದಲ್ಲಿ ಇದ್ದಿರಲಾರದು.

ಸಿನಿಮಾ ಎಂದರೆ ಉಸಿರು ಬಿಗಿಹಿಡಿದು ನೋಡಬೇಕಾದ್ದು ಎನ್ನುತ್ತಿದ್ದ ಡಾಕ್ಟರು ಹೊರಗೆ ಸ್ಕೂಟರಿಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಎಷ್ಟು ವರ್ಷ ಆಗಿತ್ರಿ ಹಿಂಗೆ ನಕ್ಕು" ಎಂದರು.

ಮುಂದಿನ ತಿಂಗಳು ಅಕ್ಷರವಿದ್ದ ಪ್ರಿಂಟ್ ಬಂದರೂ ಹೆಂಗಸರು, "ಅದನ್ನ ಓದಬ್ಯಾಡ್ರಿ, ಮೊದಲು ನಾವು ಹೇಳ್ತೀವಿ" ಎಂದರು. ರೀಲು ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಹರಿಹರದ ಬಸ್ಸಿನಲ್ಲಿ ಕೂರುವುದು ನನಗೆ ರೂಢಿಯಾಯಿತು. ಎಂಬತ್ತರ ದಶಕದಲ್ಲಿ ಊರೂರಲ್ಲಿ ಚಲನಚಿತ್ರ ಮತ್ತು ಛಾಯಾಚಿತ್ರ ಪ್ರದರ್ಶನ ಏರ್ಪಡಿಸುವ ಒಂದು ಸಂಸ್ಥೆಯಿಂದ ಕೆಲಸಕ್ಕೆ ಕರೆ ಬಂದಾಗ ಶಾಲೆಗೆ ರಾಜೀನಾಮೆ ಕೊಟ್ಟೆ. ಮನೆಯಲ್ಲಿ ಯಾರೂ ತಡೆಯಲಿಲ್ಲ. "ನನ್ನನ್ನ ಮಾತ್ರ ಸಿನಿಮಾ ನೋಡೋಕೆ ಕರೀಬ್ಯಾಡ" ಎಂದರು ಗಂಡ.

ಹೊರಡುವ ಮುನ್ನ ಹರಿಹರದ ಮಹಿಳಾ ಸಂಘದವರು ನನ್ನನ್ನು ಕೊಂಡಜ್ಜಿ ಕೆರೆಗೆ ಬುತ್ತಿ ಕಟ್ಟಿಕೊಂಡು ಕರೆದೊಯ್ದರು. ಅಲ್ಲಿ ತೆಗೆಸಿದ ಫೋಟೋ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ಎಲ್ಲರೂ ಪಕ್ಕದವರ ಕಡೆ ತಿರುಗಿ ಏನೋ ಹೇಳುತ್ತಿದ್ದಾರೆ.