ಮೂರನೇ ಕಂಬದ ಸಾಕ್ಷಿ

ವನಜ ಕಪ್ಪೆಚಿಪ್ಪು ಹೆಕ್ಕುವವಳು. ತೆಕ್ಕಟ್ಟೆಯಾಚೆ, ಹೊಳೆ ನಡುವಿನ ಪುಟ್ಟ ಕುದ್ರುವಿನಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಗಂಡನನ್ನು ಕಳೆದುಕೊಂಡವಳು. ಎದೆಮಟ್ಟದ ನೀರಿನಲ್ಲಿ ನಿಂತು ಕಾಲ್ಬೆರಳಲ್ಲೇ ಚಿಪ್ಪು ತಡಕಿ ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕುದ್ರುವಿಗೆ ಇದ್ದದ್ದು ಒಂದೇ ಸೇತುವೆ. ಅದರ ಮೇಲ್ಮೈಯನ್ನು ಊರೆಲ್ಲ ಕಂಡಿತ್ತು, ಅಡಿಯನ್ನು ಕಂಡವಳು ವನಜ ಮಾತ್ರ.

೨೦೧೧ರ ಜನವರಿ. ಹುಣ್ಣಿಮೆಯ ಮಾರನೇ ಬೆಳಿಗ್ಗೆ ಹೊಳೆ ಚೆನ್ನಾಗಿ ಇಳಿದಿತ್ತು. ಮೂರನೇ ಕಂಬದ ಬುಡಕ್ಕೆ ಕೈಯಿಟ್ಟರೆ ಕೈ ಮೊಣಕೈವರೆಗೆ ಒಳಗೇ ಹೋಯಿತು. ಸಿಮೆಂಟು ಹಳೇ ಬೆಲ್ಲದ ಹಾಗೆ ಉದುರಿತು. ಒಳಗಿನ ಸರಳು ತುಕ್ಕು ಹಿಡಿದು ಕಡ್ಡಿಯಾಗಿತ್ತು. ಅಷ್ಟರಲ್ಲಿ ತಲೆಯ ಮೇಲೆ ಕೋಟೇಶ್ವರದ ಶಾಲೆಯ ಬಸ್ಸು ದಾಟಿತು. ಅದರಲ್ಲಿ ಅವಳ ಒಬ್ಬಳೇ ಮಗಳು ಪ್ರೇಕ್ಷಾ ಇದ್ದಳು. ಕಂಬ ನಡುಗಿದ್ದು ವನಜಳ ಕೈಗೇ ತಿಳಿಯಿತು.

ಪಂಚಾಯಿತಿಗೆ ಹೇಳಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ, ಮುಂಬಯಿಯ ಹೋಟೆಲು ಮುಚ್ಚಿ ಊರಿಗೆ ಬಂದಿದ್ದ ಲೀಲಾಧರ ಶೆಟ್ಟರು ಮಾಹಿತಿ ಹಕ್ಕಿನ ಅರ್ಜಿ ಬರೆದರು. ಕೇಳಿದ್ದು ಒಂದೇ ಪ್ರಶ್ನೆ: ಈ ಸೇತುವೆಯನ್ನು ಕಡೆಯದಾಗಿ ಪರಿಶೀಲಿಸಿದ್ದು ಯಾವಾಗ?

ಉತ್ತರ ಕೊಡಬೇಕಾದರೆ ಪರಿಶೀಲನೆ ಆಗಿರಬೇಕಲ್ಲ! ಅಮಾವಾಸ್ಯೆಯ ದಿನ ಇಲಾಖೆಯ ಇಂಜಿನಿಯರರ ಜೀಪು ಬಂತು. ಬಂದದ್ದು ಮಾತ್ರ ನಡುಮಧ್ಯಾಹ್ನ, ಹೊಳೆ ಭರ್ತಿ ತುಂಬಿದ ಹೊತ್ತಿಗೆ. ಕಡಲ ಮಗ್ಗುಲಲ್ಲಿ ಸಂಬಳ ಎಣಿಸುವವರಿಗೆ ಭರತ ಇಳಿತದ ಹೊತ್ತು ಗೊತ್ತಿಲ್ಲವೆಂದರೆ ಏನು ಹೇಳೋಣ?

"ಹ್ವಾಯ್ ಸಾರ್, ಈಗ ನೀರ್ ತುಂಬಿತ್ತ್, ಎಂತ ಕಾಂತ್? ಸಂಜಿ ಆರ್ ಗಂಟಿಗ್ ಬನ್ನಿ. ಬುಡ ನಾನೇ ತೋರ್ಸ್ತೆ," ಎಂದಳು ವನಜ.

"ಆರು ಗಂಟೆಗೆ ಆಫೀಸೇ ಇರುವುದಿಲ್ಲಮ್ಮಾ. ನೀವು ಹೇಳಿದ್ದನ್ನು ಬರೆದುಕೊಳ್ಳುತ್ತೇವೆ. ಇಲ್ಲೊಂದು ಸಹಿ ಹಾಕಿ," ಎಂದರು ಇಂಜಿನಿಯರು.

ತನ್ನ ಮಾತನ್ನು ಬರೆದುಕೊಳ್ಳುವವರೂ ಇದ್ದಾರಲ್ಲ ಎಂದು ವನಜಳ ಕಣ್ಣು ತುಂಬಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು, ರಾತ್ರಿ ಶಾಲೆಯಲ್ಲಿ ಕಲಿತ ಮೂರಕ್ಷರವನ್ನು ದುಂಡಗೆ ಬರೆದಳು. ಸಹಿಯ ಮೇಲೆ ಹಾಳೆಯೆಲ್ಲ ಖಾಲಿಯಿತ್ತು. ಅವರು ಆಮೇಲೆ ತುಂಬಿಸಿಕೊಳ್ಳುತ್ತಾರೆ ಎಂದುಕೊಂಡಳು.

ತುಂಬಿಸಿಕೊಂಡರು. ತಿಂಗಳೊಳಗೆ ಉತ್ತರ ಬಂತು, ಜೊತೆಗೆ ವರದಿಯ ಪ್ರತಿಯೂ. ಕಾನೂನಿನಂತೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ಶೆಟ್ಟರು ಓದಿದರು: "ಸ್ಥಳೀಯರಾದ ಶ್ರೀಮತಿ ವನಜ ಇವರ ಸಮಕ್ಷಮ ಪರಿಶೀಲಿಸಲಾಗಿ, ಯಾವುದೇ ದೋಷ ಕಂಡುಬಂದಿರುವುದಿಲ್ಲ."

"ಖಾಲಿ ಹಾಳಿಗ್ ಸಹಿ ಹಾಕ್ದ್ಯಾ? ಎಂತ ಮಾಡ್ದೆ ಮಾರಾಯ್ತಿ!" ಶೆಟ್ಟರು ತಲೆ ಮೇಲೆ ಕೈಹೊತ್ತರು. ಮೇಲ್ಮನವಿ ಹಾಕಿದ್ದೂ ಆಯಿತು. ಅಲ್ಲಿಯೂ ಅದೇ ಹಾಳೆ ತೋರಿಸಿ ಕಡತ ಮುಗಿಸಿದರು. ವನಜ ತನ್ನ ಬಲಗೈಯನ್ನು ತಾನೇ ಶಪಿಸಿಕೊಂಡಳು. ಶಾಪ ತಟ್ಟಬೇಕಾದವರಿಗೆ ವರ್ಗವಾಗಿತ್ತು.

ವರದಿ ಬಂದ ದಿನದಿಂದ ಪರೀಕ್ಷೆ ಮುಗಿಯುವವರೆಗೂ ಮಗಳನ್ನು ದೋಣಿಯಲ್ಲೇ ಆಚೆ ದಡಕ್ಕೆ ಬಿಟ್ಟಳು. ಊರಿನವರು ನಕ್ಕರು. "ನಿಂಗೊಬ್ಳಿಗೇ ಬೀಳತ್ತಾ ಸೇತುವೆ?" ಎಂದು ನೆರೆಮನೆಯ ಸೀತು ಕೇಳಿದಳು. ನಗುವವರ ಮಕ್ಕಳೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದರು.

ಜೂನಿನಲ್ಲಿ ಶಾಲೆ ಶುರುವಾಯಿತು, ಮಳೆಯೂ ಹಿಡಿಯಿತು. ಕೆಂಪು ನೀರು ಮರದ ದಿಮ್ಮಿಗಳನ್ನು ತಂದು ಮೂರನೇ ಕಂಬಕ್ಕೇ ಬಡಿಯುತ್ತಿತ್ತು. ಆ ಹೊಳೆಯಲ್ಲಿ ದೋಣಿ ಹಾಕುವುದೆಂದರೆ ಸಾವನ್ನು ಕೈಬೀಸಿ ಕರೆದ ಹಾಗೆ. ಶಾಲೆ ಬಿಡಿಸಿದರೆ ಮಗಳೂ ಎದೆಮಟ್ಟದ ನೀರಿಗೇ ಇಳಿಯಬೇಕು. ನಾಲ್ಕು ದಿನ ಮನೆಯಲ್ಲೇ ಇಟ್ಟುಕೊಂಡಳು. ಐದನೇ ದಿನ ತಾನೇ ಜಡೆ ಹೆಣೆದು ಸೇತುವೆಯ ತುದಿಗೆ ಕರೆತಂದಳು.

"ಅಮ್ಮ, ಬಸ್ ಬಂತ್. ನಾ ಹೋತೆ."

ವನಜ ತಾನೇ ಕೈ ಅಡ್ಡಹಿಡಿದು ಬಸ್ಸು ನಿಲ್ಲಿಸಿದಳು. ಮಗಳನ್ನು ಹತ್ತಿಸಿ, ಚೀಲ ಒಳಗೆ ಕೊಟ್ಟಳು. ಬಸ್ಸು ಮೂರನೇ ಕಂಬ ದಾಟಿ ಆಚೆ ದಡ ಮುಟ್ಟುವವರೆಗೆ ಉಸಿರು ಬಿಡಲಿಲ್ಲ. ಸಂಜೆ ಅದು ಅದೇ ಕಂಬದ ಮೇಲೆ ತಿರುಗಿ ಬರುವುದು ಇನ್ನೂ ಬಾಕಿಯಿತ್ತು.